ಪೇಟ ಸುತ್ತಿದ ಪುಟಾಣಿಗಳು

ಶಾಲೆಯ ಛದ್ಮವೇಷ ಸ್ಪರ್ಧೆ ನೋಡಿದ್ದೀರಲ್ಲ? ಐದು ವರ್ಷದ ವಿಶ್ವೇಶ್ವರಯ್ಯನವರು ಪೇಟ, ಕೋಟು, ಕನ್ನಡಕ ಸಮೇತ ವೇದಿಕೆಗೆ ಬಂದು, ಮಾತು ಮರೆತು ಅಮ್ಮನನ್ನು ಹುಡುಕುತ್ತಾರೆ. ಇಂಗ್ಲಿಷಿನ 'ಸ್ಮಾಲ್ ಕ್ಯಾಪ್ಸ್' ಅಂದರೆ ನನಗೆ ಅವರೇ ನೆನಪಾಗುವುದು. ವೇಷ ದೊಡ್ಡಕ್ಷರದ್ದು, ಎತ್ತರ ಸಣ್ಣಕ್ಷರದ್ದು.

ಇದನ್ನು ತಲೆಗೆ ಹತ್ತಿಸಿದವನು ಪಿಎಚ್‌ಡಿ ಪ್ರಬಂಧ ಬರೆಯುತ್ತಿರುವ ಸೋದರಳಿಯ. ಅವನು ಅಕ್ಷರ ಜೋಡಿಸುವುದು ಲೇಟೆಕ್ ಎಂಬ ತಂತ್ರಾಂಶದಲ್ಲಿ. ಅಲ್ಲಿ ಗುಂಡಿ ಒತ್ತಿದರೆ ಆಗದು, ಅಪ್ಪಣೆ ಕೊಡಿಸಬೇಕು: ಹಿಂದಕ್ಕೆ ವಾಲಿದ ಗೀಟು, 'ಟೆಕ್ಸ್ಟ್‌ಎಸ್‌ಸಿ', ಆಮೇಲೆ ಪುಷ್ಪಾವರಣ. (ಎಂಥ ಹೆಸರು! ಲೆಕ್ಕದಲ್ಲಿ ನನಗೆ ಹೂವೆಂದು ದಕ್ಕಿದ್ದು ಅದೊಂದೇ.)

"ಮಾವ, ಯುನೆಸ್ಕೋ ಅಂತ ಹಾಕಿದೆ, ಏನೂ ಆಗ್ಲಿಲ್ಲ."

ಆಗುವುದು ಹೇಗೆ? ಎಲ್ಲವನ್ನೂ ದೊಡ್ಡಕ್ಷರದಲ್ಲೇ ಒತ್ತಿದ್ದ. ಅಪ್ಪಣೆ ನಡೆಯುವುದು ಸಣ್ಣಕ್ಷರಗಳ ಮೇಲೆ ಮಾತ್ರ. ದೊಡ್ಡವರು ಕೂತಲ್ಲಿಂದ ಕದಲುವುದಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ, "ಹೋಗಿ ನೀರು ತಾ" ಎನ್ನುವುದು ಯಾರಿಗೆ?

"ದೊಡ್ಡಕ್ಷರವನ್ನೇ ಕುಗ್ಗಿಸಿದರೆ?" ಎಂದ. ತಾತನ ಫೋಟೋ ಚಿಕ್ಕದು ಮಾಡಿದರೆ ತಾತ ಮೊಮ್ಮಗನಾಗುತ್ತಾನೆಯೇ? ಗೆರೆಗಳೂ ತೆಳುವಾಗಿ, ಸಾಲಿನ ನಡುವೆ ಜ್ವರ ಬಿದ್ದೆದ್ದವರ ಹಾಗೆ ಕಾಣುತ್ತವೆ. ನಿಜವಾದವುಗಳಿಗೆ ಬೇರೆಯೇ ಅಳತೆ ಹಿಡಿದು ಹೊಲಿಯಬೇಕು.

ಹೊಲಿಗೆಯೆಂದರೆ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ನೆನಪಾದರು. 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸರವಾಗಿ, ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕೂತರು. ಒಂದು ವರ್ಷದ ರಜೆಯಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಹತ್ತು ವರ್ಷ ಹಿಡಿಯಿತು. ಮನೆ ಕಟ್ಟಿಸಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹಾಗೆ ಹುಟ್ಟಿದ ಟೆಕ್ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಮಹಡಿಯೇ ಲೇಟೆಕ್. ಕ್ನೂತ್ ತಮ್ಮ 'ಕಂಪ್ಯೂಟರ್ ಮಾಡರ್ನ್' ಅಕ್ಷರಗಳಲ್ಲಿ ಪೇಟದ ಪುಟಾಣಿಗಳನ್ನೂ ಕೂರಿಸಿದರು, ದಪ್ಪನೆಯ ಪುಟಾಣಿಗಳನ್ನು ಮಾತ್ರ ಮರೆತರು. ದಪ್ಪ ಶೀರ್ಷಿಕೆಯಲ್ಲಿ ಈ ಅಪ್ಪಣೆ ಕೊಟ್ಟು ನೋಡಿ: ಲೇಟೆಕ್ ಬೇರೆ ಯಾವುದೋ ಅಕ್ಷರ ಸುರಿದು, ಲಾಗ್ ಕಡತದ ಮೂಲೆಯಲ್ಲಿ ಗೊಣಗಿ ಸುಮ್ಮನಾಗುತ್ತದೆ. ಆ ಗೊಣಗಾಟ ಓದುವವರಾರು?

ಇಷ್ಟಕ್ಕೂ ಇವೆಲ್ಲ ಯಾಕೆ? ಸಾಲಿನ ನಡುವೆ ಆರು ದೊಡ್ಡಕ್ಷರ ಒಟ್ಟಿಗೆ ನಿಂತರೆ ಕೂಗಿದಂತಾಗುತ್ತದೆ. ಪುಟಾಣಿಗಳಾದರೆ ಗೌರವವೂ ಉಳಿಯಿತು, ಗದ್ದಲವೂ ಇಲ್ಲ.

ಕೊನೆಗೆ ಅರ್ಪಣೆಯ ಪುಟ. "ಅಕ್ಕನಿಗೆ" ಎಂದು ಕನ್ನಡದಲ್ಲೇ ಒತ್ತಿ, ಪುಷ್ಪಾವರಣದೊಳಗೆ ಕೂರಿಸಿದ. ಒಂದಕ್ಷರ ಅಲುಗಲಿಲ್ಲ. ದೊಡ್ಡದು ಸಣ್ಣದೆಂಬ ಜಾತಿಯೇ ಇಲ್ಲದ ಲಿಪಿ, ಅಲುಗಲಿ ಹೇಗೆ?

"ಏನು ಮಾಡ್ಲಿ ಮಾವ?"

"ಏನೂ ಬೇಡ. 'ಕ್ಕ' ನೋಡು. ನೀನು ಹೇಳುವ ಮೊದಲೇ ಕೆಳಗೊಂದು ಪುಟ್ಟ ಕ ಬಂದು ಕೂತಿದೆ. ಕಾಫಿ ಆರುತ್ತಿದೆ, ಕುಡಿ."