ಎರಡು ಮಾತಿನ ಮನೆ

ನಮ್ಮ ತಂದೆಯವರ ಊರು ಕೂಡ್ಲಿಗಿ. ಅವ್ವನ ತವರು ರಾಯದುರ್ಗ. ಅವರ ಮದುವೆಯಾದಾಗ ಎರಡೂ ಊರುಗಳು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆ ಒಡೆಯಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಹೊಸದಾಗಿ ಹುಟ್ಟಿದ ಆಂಧ್ರ ರಾಜ್ಯಕ್ಕೆ ಸೇರಿದವು. ಅವ್ವ ಕುಳಿತಲ್ಲಿಯೇ ಹೊರರಾಜ್ಯದ ಮಗಳಾದಳು. ನಾನು ಹುಟ್ಟಿದ್ದು ಅದಾದ ಏಳು ವರ್ಷಗಳ ಮೇಲೆ.

ರಾಯದುರ್ಗದ ಬೀದಿಗಳಲ್ಲಿ ಕನ್ನಡವೇನೂ ಅಪರೂಪವಲ್ಲ. ಆದರೆ ತಾತನ ಮನೆಯ ಮಾತು ತೆಲುಗು. ರಜೆಯಲ್ಲಿ ಅಲ್ಲಿಗೆ ಹೋಗಿ ನಾನು "ಅವ್ವಾ" ಎಂದು ಕೂಗಿದರೆ ಅಲ್ಲಿಯ ಅಜ್ಜಿ ಓಗೊಡುತ್ತಿದ್ದಳು. ಆ ಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ! ಮಾವನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಎರಡು ದಿನ ಕಳೆಯುವಷ್ಟರಲ್ಲಿ ನನ್ನ ಬಾಯಲ್ಲಿಯೂ ಅವ್ವ 'ಅಮ್ಮ'ಳಾಗುತ್ತಿದ್ದಳು. ಕೂಡ್ಲಿಗಿಯಲ್ಲಿ ಬಸ್ಸಿಳಿದೊಡನೆ ಮತ್ತೆ ಅವ್ವ.

ಊಟದ ವಿಷಯವನ್ನೂ ಹೇಳಬೇಕು. ಪುಂಡಿಸೊಪ್ಪು ತಂದೆಯವರಿಗೆ ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯವಾಗಬೇಕು. ಅದೇ ಸೊಪ್ಪು ಅವ್ವನಿಗೆ ಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಅರೆದ ಗೋಂಗೂರ ಪಚ್ಚಡಿ. ಯುಗಾದಿಯಂದು ತಂದೆಯವರು ಬೇವು-ಬೆಲ್ಲ ಹಂಚುತ್ತಿದ್ದರು. ಅವ್ವ ಬೇವಿನ ಹೂವು, ಬೆಲ್ಲ, ಹೊಸ ಹುಣಿಸೆ, ಮಾವಿನಕಾಯಿ, ಉಪ್ಪು, ಖಾರ ಕೂಡಿಸಿದ ಪಚ್ಚಡಿಯನ್ನು ಬೇರೆ ಬಟ್ಟಲಿನಲ್ಲಿಡುತ್ತಿದ್ದಳು. ನಾವು ಎರಡನ್ನೂ ಬಿಡುತ್ತಿರಲಿಲ್ಲ.

ಮಾತಿನ ವಿಷಯದಲ್ಲಿ ಮಾತ್ರ ಮನೆಯಲ್ಲೊಂದು ಬಿಗುವಿತ್ತು. ತನಗೆ ತಿಳಿಯದ ಮಾತು ಒಲೆಯ ಮುಂದೆ ಕೇಳಿಸಿದರೆ ತಂದೆಯವರ ತಾಯಿ, ನಮ್ಮ ಅಜ್ಜಿ, ಸಿಡುಕುತ್ತಿದ್ದಳು. ಅವ್ವ ಹಗಲೆಲ್ಲ ಕನ್ನಡವಾಡಿ, ರಾತ್ರಿ ನಮ್ಮನ್ನು ಮಲಗಿಸುವಾಗ ತೆಲುಗಿನಲ್ಲಿ ಕಥೆ ಹೇಳುತ್ತಿದ್ದಳು, ಅದೂ ಪಿಸುಮಾತಿನಲ್ಲಿ. ಅವಳಿಗೆ ಓದು ಬಾರದು. ತವರಿನ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು. ಎರಡು ಲಿಪಿಗಳೂ ಅಕ್ಕತಂಗಿಯರಂತಿರುವುದರಿಂದ, ತಲೆಕಟ್ಟಿನ ವ್ಯತ್ಯಾಸ ಕಂಡುಕೊಂಡ ಹುಡುಗನಿಗೆ ಅದೇನೂ ಕಷ್ಟವಾಗಲಿಲ್ಲ.

1971ರ ಜನಗಣತಿಗೆ ಮಾಸ್ತರರೊಬ್ಬರು ಮನೆಗೆ ಬಂದರು. "ತಾಯಿನುಡಿ ಯಾವುದ್ರೀ?" ಎಂದು ಕೇಳಿದರು.

"ಎಲ್ಲರಿಗೂ ಕನ್ನಡ ಬರ್ಕೊಳ್ರಿ," ಎಂದರು ತಂದೆಯವರು.

ಬಾಗಿಲ ಮರೆಯಲ್ಲಿದ್ದ ಅವ್ವ ಸುಮ್ಮನಿದ್ದಳು. ಮಾತೆತ್ತಿದವಳು ಅಜ್ಜಿ: "ನಮ್ಮ ಸೊಸೀದು ತೆಲುಗು ಐತಪಾ. ಇದ್ದದ್ದು ಬರಿ."

ಮಾಸ್ತರರು ಬರೆದುಕೊಂಡು, "ಮಕ್ಕಳದು?" ಎಂದರು. ಯಾರೂ ಕೂಡಲೇ ಉತ್ತರಿಸಲಿಲ್ಲ. ಕಡೆಗೆ ಅವ್ವನೇ, "ಕನ್ನಡ ಬರ್ಕೊಳ್ರಿ, ಇಲ್ಲೇ ಬಾಳೋ ಮಕ್ಕಳು," ಎಂದಳು. ಬಲ್ಲ ಇತರ ಭಾಷೆಗಳ ಜಾಗದಲ್ಲಿ ನಮ್ಮ ಹೆಸರಿಗೆ ತೆಲುಗು ಸೇರಿತು. ಅಂದಿನ ರಾತ್ರಿ ಅವ್ವ ಗಟ್ಟಿಯಾಗಿಯೇ ಕಥೆ ಹೇಳಿದಳು. ಪಡಸಾಲೆಯಲ್ಲಿ ಮಲಗಿದ್ದ ಅಜ್ಜಿ ಏನೂ ಅನ್ನಲಿಲ್ಲ.

ಮುಂದೆ ನಾನೂ ಉಪಾಧ್ಯಾಯನಾದೆ. ಗಣತಿಯ ಕೆಲಸ ನನ್ನ ಪಾಲಿಗೂ ಬಂತು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತೇ ತಾಯಿನುಡಿ ಎಂದು ಗಣತಿಯ ಸೂಚನೆ ಹೇಳುತ್ತದೆ. 2001ರಲ್ಲಿ, ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯ ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ, ಮನೆಯಾಕೆ ನಾನು ಕೇಳುವ ಮೊದಲೇ, "ಕನ್ನಡನ ಬರ್ಕೊಳ್ರಿ ಸರ," ಎಂದಳು. ಒಳಗಿನಿಂದ ಮಗ "ಯಾಡೀ" ಎಂದು ಅವಳನ್ನು ಕರೆಯುತ್ತ ಹೊರಬಂದ.

"ಈ ಹುಡುಗನಿಗೆ ಯಾವ ಮಾತ್ನಾಗ ಜೋಗುಳ ಹಾಡಿದಿರಿ ತಾಯಿ?" ಎಂದೆ.

ಆಕೆ ನಕ್ಕು, "ನಮ್ಮ ಮಾತ್ನಾಗ," ಎಂದಳು.

ಹುಡುಗ ಹಾಳೆಯ ಮೇಲೆ ಬಗ್ಗಿದ. "ನಮ್ಮ ಮಾತು ಇದರಾಗ ಬರಿಯಾಕ ಬರತೈತೇನ್ರಿ ಸರ?" ಎಂದ. ಲಂಬಾಣಿ ಎಂದು ಬರೆದು ಅವನಿಗೆ ತೋರಿಸಿದೆ.