ಬೆಳಗಾವಿ, ಖಾನಾಪುರ ಮತ್ತು ನಮ್ಮ ಮೋಟಾರು

ನಮ್ಮ ಬಂಧುಗಳಾದ ಗಂಡಹೆಂಡಿರಿಬ್ಬರು ಕಳೆದ ಬೇಸಗೆಯಲ್ಲಿ ಯೂರೋಪಿಗೆ ಹೋಗಿ, ಅಲ್ಲಿ ಬಾಡಿಗೆಯ ಮೋಟಾರೊಂದನ್ನು ತಾವೇ ನಡೆಸಿಕೊಂಡು ಊರಿಂದೂರಿಗೆ ಸುತ್ತಿ ಬಂದರು. ಮರಳಿದ ಮೇಲೆ ಅರಮನೆ ಇಗರ್ಜಿಗಳ ವರ್ಣನೆಯನ್ನು ಅರ್ಧ ತಾಸಿನಲ್ಲಿ ಮುಗಿಸಿದರು. ಉಳಿದ ಸಂಜೆಯೆಲ್ಲ ಕಳೆದುದು ಗಾಡಿಯ ಫಜೀತಿಗಳ ಕಥೆಯಲ್ಲಿ. ಬಲಗಡೆಯಿಂದ ಹೋಗಬೇಕಾದ ರಸ್ತೆಯಲ್ಲಿ ಅಭ್ಯಾಸಬಲದಿಂದ ಎಡಗಡೆಗೆ ಹೋದುದು, ಇಟಲಿಯ ಹಳೆಯ ಊರೊಂದರಲ್ಲಿ ಹೊರಗಿನ ವಾಹನಗಳಿಗೆ ಮನಾಯಿಯಿದ್ದ ಓಣಿಯನ್ನು ಹೊಕ್ಕುದು, ಅದರ ದಂಡದ ಕಾಗದವು ಎರಡು ತಿಂಗಳಾದ ಮೇಲೆ ಧಾರವಾಡದ ಮನೆಯ ಬಾಗಿಲಿಗೇ ಬಂದುದು, ಹೀಗೆ. ದಾರಿ ತಪ್ಪಿಸಿದವರು ಯಾರೆಂಬ ವಿಷಯದಲ್ಲಿ ಮಾತ್ರ ಅವರಿಬ್ಬರಲ್ಲಿ ಇನ್ನೂ ಒಮ್ಮತವಾಗಿರಲಿಲ್ಲ.

ಕೇಳಿದ ನಮಗೂ ಉತ್ಸಾಹ ಬಂದಿತು. ಯೂರೋಪು ನಮ್ಮ ಕೈಗೆ ನಿಲುಕುವಂತಹದಲ್ಲ. ಧಾರವಾಡದಿಂದ ಬೆಳಗಾವಿಯಾದರೋ ಎಂಬತ್ತು ಕಿಲೋಮೀಟರಿನೊಳಗೆ; ಅಲ್ಲಿಂದ ಖಾನಾಪುರ ಸುಮಾರು 26. ಎಷ್ಟೋ ಸಲ ರೈಲಿನ ಕಿಟಕಿಯಿಂದ ನೋಡಿ ದಾಟಿದ ಆ ಸೀಮೆಯನ್ನು ಮೂರು ದಿನ ನಿಧಾನವಾಗಿ ಸುತ್ತಿ ಬರೋಣವೆಂದು ಮಾರ್ಗಶಿರ ಮಾಸದ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಈ ಲೇಖನದಲ್ಲಿ ‘ನಾವು’ ಎಂದರೆ ಸಾಮಾನ್ಯವಾಗಿ ನಾವಿಬ್ಬರು. ತಪ್ಪು ನಡೆದಿರುವಲ್ಲಿ ಮಾತ್ರ ಅದು ಗಾಡಿ ನಡೆಸುತ್ತಿದ್ದ ಒಬ್ಬರೇ ಎಂದು ವಾಚಕರು ತಿಳಿಯತಕ್ಕುದು. ನಮ್ಮ ಮನೆಯವರಿಗೂ ಗಾಡಿ ನಡೆಸುವ ಪರವಾನಗಿಯುಂಟು. ಆದರೆ ಕಾಯಿಪಲ್ಲೆಯ ಸಂತೆ, ಬ್ಯಾಂಕು, ಇವುಗಳ ಆಚೆಗೆ ಅವರು ಎಂದೂ ನಡೆಸಿದವರಲ್ಲ. ಅಥವಾ ನಾವು ನಡೆಸಗೊಟ್ಟವರಲ್ಲ.

ಹೆದ್ದಾರಿಯ ವಿಷಯ ಹೇಳತಕ್ಕದ್ದೇನೂ ಇಲ್ಲ. ಕಿತ್ತೂರು ಬಂದಿತು, ಹೋಯಿತು. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯವು ಕಲೆಕ್ಟರ್ ಥ್ಯಾಕರೆಯ ದಂಡನ್ನು ಮುರಿದ ಆ ಕೋಟೆಯನ್ನು ನಾವು ಹಿಂದೆ ಎರಡು ಸಲ ನೋಡಿದ್ದುದರಿಂದ ಅಲ್ಲಿ ಚಹ ಮಾತ್ರ ಕುಡಿದೆವು. ಬೆಳಗಾವಿ ಸಮೀಪಿಸಿದಂತೆ 2012ರಲ್ಲಿ ಪ್ರಾರಂಭವಾದ ಸುವರ್ಣ ವಿಧಾನಸೌಧವು ದಿಬ್ಬದ ಮೇಲೆ ಬೆಳ್ಳಗೆ ಕಾಣಿಸಿತು.

ಬೆಳಗಾವಿಯೊಳಗೆ ಎರಡು ಊರುಗಳಿವೆ. ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ರಸ್ತೆಗಳು ಅಗಲ, ಮರಗಳ ನೆರಳು ದಟ್ಟ, ಸದ್ದು ಕಡಿಮೆ. ಪೇಟೆಯ ಭಾಗಕ್ಕೆ ಬಂದರೆ ಖಡೇಬಜಾರು, ಗಣಪತ ಗಲ್ಲಿ, ಮಾರುತಿ ಗಲ್ಲಿ ಎಂದು ಗಲ್ಲಿಗೊಂದು ಗಲ್ಲಿ ಹೆಣೆದುಕೊಂಡಿವೆ. ಎರಡು ಎತ್ತಿನ ಗಾಡಿಗಳು ಎದುರಾಗುವಷ್ಟು ಅಗಲದಲ್ಲಿ ಈಗ ಮೋಟಾರು, ರಿಕ್ಷಾ, ಕೈಗಾಡಿ, ಬೀದಿಯಂಗಡಿ ಎಲ್ಲವೂ ಇರಬೇಕಾಗಿದೆ. ದಾರಿ ಹೇಳುವ ಮೊಬೈಲಿನ ಹೆಂಗಸು ನಮ್ಮನ್ನು ಇಂತಹ ಒಂದು ಗಲ್ಲಿಯೊಳಕ್ಕೆ ಶಾಂತ ಸ್ವರದಿಂದಲೇ ಕಳುಹಿಸಿಬಿಟ್ಟಳು. ಮುಂದೆ ಹೋದಂತೆ ಗಲ್ಲಿ ಕಿರಿದಾಯಿತು. ಹಿಂದೆ ನಾಲ್ಕು ಗಾಡಿಗಳು ನಿಂತು ಕೂಗತೊಡಗಿದವು. ಆ ಗಡಿಬಿಡಿಯಲ್ಲಿ ನಮ್ಮ ಎಡಗಡೆಯ ಕನ್ನಡಿಯು ಪೇರಲಹಣ್ಣಿನ ಕೈಗಾಡಿಯೊಂದಕ್ಕೆ ತಗುಲಿ, ಹಣ್ಣುಗಳು ಬೀದಿಯ ತುಂಬ ಉರುಳಿದವು.

ಹಣ್ಣಿನವಳು ಮೊದಲು ಮರಾಠಿಯಲ್ಲಿ ಬೈದು, ನಾವು ಕನ್ನಡದಲ್ಲಿ ಬೇಡಿಕೊಂಡುದನ್ನು ಕೇಳಿ ಕನ್ನಡಕ್ಕೆ ಬಂದಳು. “ಇಷ್ಟು ದೊಡ್ಡ ಗಾಡಿ ನಿಂತೈತಿ, ಕಾಣಂಗಿಲ್ಲೇನ್ರಿ ಅಣ್ಣಾರ?” ಎಂದಳು. ಎದುರು ಬಿಸಿಲು ಕಣ್ಣಿಗೆ ಹೊಡೆಯಿತೆಂದು ನಾವು ಹೇಳಿದೆವು. ನಮ್ಮ ಮನೆಯವರು ಆಕಾಶದ ಕಡೆಗೊಮ್ಮೆ ನೋಡಿದರು. ಸೂರ್ಯನು ನಮ್ಮ ಬೆನ್ನಿಗಿದ್ದನು. ಅವರು ಏನೂ ಆಡದೆ ಎರಡು ಕಿಲೋ ಹಣ್ಣು ಕೊಂಡು, ಹಾಳಾದುದರ ಬೆಲೆಯನ್ನೂ ಕೊಟ್ಟರು.

ಕೋಟೆಯೊಳಗೆ ಹೋದಾಗ ಮನಸ್ಸು ಸಮಾಧಾನವಾಯಿತು. ಸುತ್ತಲೂ ಕಂದಕ, ಒಳಗೆ ಮರಗಳ ನಡುವೆ ಕಮಲ ಬಸದಿ. ವೇಣುಗ್ರಾಮವೆಂದು ಬೆಳಗಾವಿಗೆ ಹೆಸರಿದ್ದ ಕಾಲದಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ಇದನ್ನು 1204ರಲ್ಲಿ ಕಟ್ಟಿಸಿದನು. ಗರ್ಭಗುಡಿಯಲ್ಲಿ ನೇಮಿನಾಥ ತೀರ್ಥಂಕರನ ಮೂರ್ತಿಯಿದೆ. ಮಂಟಪದ ನಡುವೆ ನಿಂತು ತಲೆಯೆತ್ತಿದರೆ ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿ ಇಳಿದಿರುವುದು. ಬಸದಿಗೆ ಹೆಸರು ಬಂದುದು ಇದರಿಂದಲೇ. ನಮ್ಮ ಮನೆಯವರು ಅದರ ಎಸಳುಗಳ ಮೇಲಿನ ಸಣ್ಣ ಸಣ್ಣ ಆಕೃತಿಗಳನ್ನು ಬೆರಳಿಟ್ಟು ತೋರಿಸತೊಡಗಿದರು. ನಮಗೆ ಕಮಲವೇನೋ ಕಾಣುತ್ತಿದ್ದಿತು, ಆಕೃತಿಗಳು ಕಾಣುತ್ತಿರಲಿಲ್ಲ. “ಹೌದು, ಹೌದು” ಎಂದೆವು.

ಮಧ್ಯಾಹ್ನದ ಮೇಲೆ ತಿಳಕವಾಡಿಯ ವೀರಸೌಧಕ್ಕೆ ಹೋದೆವು. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದುದು ಇಲ್ಲಿಯೇ. ಮಹಾತ್ಮರು ಅಧ್ಯಕ್ಷರಾಗಿದ್ದ ಅಧಿವೇಶನ ಇದೊಂದೇ. ಗಂಗಾಧರರಾವ್ ದೇಶಪಾಂಡೆಯವರು ಅದರ ವ್ಯವಸ್ಥೆಯ ಭಾರವನ್ನು ಹೊತ್ತಿದ್ದರು. ಸೇರಿದ ಜನರಿಗೆ ನೀರೊದಗಿಸಲು ತೋಡಿಸಿದ ಬಾವಿಯು ಈಗಲೂ ಇದೆ; ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟಿದ್ದರು. ಕರ್ನಾಟಕದ ಏಕೀಕರಣದ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿದುದೂ ಆ ಸಮಯದಲ್ಲಿಯೇ. ಧಾರವಾಡದವರಾದ ನಮಗೆ ಇನ್ನೊಂದು ಅಭಿಮಾನದ ವಿಷಯವಿದೆ: ಗಂಗೂಬಾಯಿ ಹಾನಗಲ್ಲರು ಹತ್ತು ಹನ್ನೊಂದು ವರುಷದ ಬಾಲೆಯಾಗಿ ಅಲ್ಲಿ ಗಾಂಧೀಜಿಯವರ ಎದುರು ಹಾಡಿದ್ದರು. ಬಾವಿಯ ಕಟ್ಟೆಯ ಬಳಿ ನಿಂತು ನಮ್ಮ ಮನೆಯವರು ಆ ಮಾತನ್ನು ನೆನೆದರು. ರಾತ್ರಿ ಪೇಟೆಯಿಂದ ಕುಂದಾ ತಂದು ತಿಂದೆವು. ಹಾಲನ್ನು ಕಂದುಬಣ್ಣ ಬರುವವರೆಗೆ ಬತ್ತಿಸಿ ಮಾಡುವ ಈ ಸಿಹಿಯನ್ನು ಹೊಗಳಿ ಬರೆದರೆ ಧಾರವಾಡದ ಪೇಡೆಗೆ ದ್ರೋಹವಾದೀತೆಂದು ಬಿಟ್ಟಿದ್ದೇವೆ.

ಮರುದಿನ ಖಾನಾಪುರದ ಹಾದಿ ಹಿಡಿದೆವು. ಪಿರನವಾಡಿ, ಮಚ್ಛೆಗಳನ್ನು ದಾಟಿದೊಡನೆ ಭೂಮಿಯ ಬಣ್ಣ ತಿರುಗಿತು. ಧಾರವಾಡದ ಪೂರ್ವದ ಕರಿಮಣ್ಣನ್ನು ಕಂಡ ಕಣ್ಣಿಗೆ ಈ ಕೆಮ್ಮಣ್ಣು ಬೇರೊಂದು ದೇಶದಂತೆ ತೋರುವುದು. ಗದ್ದೆಗಳಲ್ಲಿ ಭತ್ತ ಕೊಯ್ದ ಕೂಳೆ, ಅಲ್ಲಲ್ಲಿ ಕಬ್ಬು, ದೂರದಲ್ಲಿ ಕಾಡು. ಇಲ್ಲಿಯ ಮಣ್ಣು ಹಂಚಿಗೂ ಮಡಕೆಗೂ ಹೇಳಿ ಮಾಡಿಸಿದಂತಹುದು. ಖಾನಾಪುರದಲ್ಲಿ ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೂ ಇದೆ. ಊರ ಮಗ್ಗುಲಲ್ಲಿ ಮಲಪ್ರಭೆ ಹರಿಯುತ್ತಾಳೆ. ಘಟ್ಟದ ಮೆಟ್ಟಿಲುಗಳ ಮೇಲೆ ಬುತ್ತಿ ಬಿಚ್ಚಿ ಉಂಡೆವು.

ಅಲ್ಲಿಂದ ಹಲಸಿಗೆ. ಇಂದು ಸಣ್ಣ ಹಳ್ಳಿಯಾದ ಇದು ಪಲಾಶಿಕಾ ಎಂಬ ಹೆಸರಿನಿಂದ ಆದಿಕದಂಬರ ರಾಜಧಾನಿಗಳಲ್ಲೊಂದಾಗಿದ್ದಿತು. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯು ಹಲಸಿಯ ತಾಮ್ರಶಾಸನದಿಂದ ತಿಳಿದುಬರುತ್ತದೆ. ಈ ಶಾಸನಗಳನ್ನು ಓದಿ ಪ್ರಕಟಿಸಿದವರು ಫ್ಲೀಟ್ ಸಾಹೇಬರು. ಈಗ ನೋಡತಕ್ಕುದು ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ದೇವಾಲಯ. ಅದರಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವಿನ ಮಂಟಪದಲ್ಲಿ ನಿಂತವರು ಯಾವ ದೇವರಿಗೆ ಕೈಮುಗಿದರೂ ಇನ್ನೊಬ್ಬನಿಗೆ ಬೆನ್ನು ತೋರಿಸಬೇಕು. ನಮ್ಮ ಮನೆಯವರು ಅಡ್ಡಲಾಗಿ ನಿಂತು ಎರಡೂ ಕಡೆಗೆ ತಲೆಬಾಗಿ ಈ ತೊಡಕನ್ನು ಪರಿಹರಿಸಿಕೊಂಡರು.

ಹೊರಡುವಾಗ ಗಾಡಿಯನ್ನು ತಿರುಗಿಸಬೇಕಾಗಿದ್ದಿತು. ಓಣಿ ಇಕ್ಕಟ್ಟು. ನಮ್ಮ ಮನೆಯವರು ಕೆಳಗಿಳಿದು ಹಿಂದೆ ನಿಂತು, “ಸಾಕು, ಸಾಕು, ಗಟಾರ ಐತಿ” ಎಂದು ಕೂಗಿದರು. ನಮಗೆ ಕಾಣಿಸುತ್ತಿದೆ, ಸುಮ್ಮನಿರೆಂದು ನಾವು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಚಕ್ರವು ಗಟಾರದಲ್ಲಿ ಇಳಿದಿತ್ತು. ಹುಡುಗರು ಸೇರಿದರು, ಆಮೇಲೆ ಹಿರಿಯರು ಬಂದರು. ಆರು ಜನ ಹೆಗಲು ಕೊಟ್ಟು, ಒಬ್ಬರು ಮರಾಠಿಯಲ್ಲಿ ಎಣಿಸಿ, ಗಾಡಿಯನ್ನು ಬುಟ್ಟಿಯಂತೆ ಎತ್ತಿ ರಸ್ತೆಗೆ ಇಟ್ಟರು. ಹಣ ಕೊಡಹೋದರೆ ಮುಟ್ಟಲಿಲ್ಲ. ಎದುರು ಮನೆಯ ಅಜ್ಜಿಯೊಬ್ಬಳು ಎರಡು ಲೋಟ ಮಜ್ಜಿಗೆ ತಂದಿತ್ತಳು. ಮಜ್ಜಿಗೆ ಕುಡಿಯುವಾಗ ನಮ್ಮ ಮನೆಯವರು ನಮ್ಮ ಮುಖವನ್ನೇ ನೋಡುತ್ತಿದ್ದರು.

ನಂದಗಡವನ್ನು ಮುಟ್ಟಿದಾಗ ಹೊತ್ತು ಇಳಿದಿದ್ದಿತು. ಚೆನ್ನಮ್ಮನ ಬಂಟನಾದ ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು 1831ನೆಯ ಜನವರಿ 26ರಂದು ಇಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆಯ ತೊಟ್ಟಿಲುಗಳನ್ನು ಕಟ್ಟುತ್ತಾರೆ. ವಂಶವನ್ನು ಬೆಳೆಸದೆಯೇ ಹೋದ ವೀರನಲ್ಲಿ ಜನರು ಸಂತಾನವನ್ನು ಬೇಡುವರು. ಇದನ್ನು ಯೋಚಿಸುತ್ತ ಅಲ್ಲಿಯೇ ಬಹಳ ಹೊತ್ತು ಕುಳಿತೆವು. ಕತ್ತಲಾಗುವ ಮೊದಲೇ ಹೊರಡಬೇಕಾಗಿದ್ದಿತು.

ಖಾನಾಪುರದ ಕಡೆಗೆ ಮರಳುವಾಗ ಎದುರಿನಿಂದ ಲಾರಿಯೊಂದು ಬಂದಿತು. ಅದರ ದೀಪಗಳು ನಮ್ಮ ಕಣ್ಣಿಗೆ ದೀಪಗಳಾಗಿ ಕಾಣದೆ, ಬಿಳಿಯ ಪರದೆಯನ್ನು ಎಳೆದಂತೆ ಹರಡಿಕೊಂಡವು. “ಬ್ರೇಕ್ ಹಾಕ್ರಿ!” ಎಂಬ ಕೂಗು ಕೇಳಿ ಕಾಲು ತಾನಾಗಿಯೇ ಒತ್ತಿತು. ಗಾಡಿ ಜಾರಿ ನಿಂತಾಗ, ಗಾಜಿನಿಂದ ಒಂದು ಮಾರು ಮುಂದೆ ಕಬ್ಬಿನ ತುದಿಗಳು ತೂಗುತ್ತಿದ್ದವು. ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಎಳೆಯುತ್ತ ಟ್ರ್ಯಾಕ್ಟರೊಂದು ಹೋಗುತ್ತಿದ್ದಿತು. ಹಿಂದೆ ಒಂದು ದೀಪವೂ ಇರಲಿಲ್ಲ. ಈ ಸೀಮೆಯ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನ ಉದ್ದಕ್ಕೂ ಇಂತಹವು ಕಾಣುತ್ತವೆ. ನಡೆಸುವವನು ನಮ್ಮನ್ನು ಅರಿಯದೆಯೇ ಮುಂದೆ ಸಾಗಿದನು.

ಗಾಡಿಯನ್ನು ಬದಿಗೆ ನಿಲ್ಲಿಸಿ, ದೀಪವಿಲ್ಲದ ಟ್ರೇಲರನ್ನು ಕುರಿತು ನಾವು ಕಟುವಾಗಿಯೇ ಮಾತಾಡಿದೆವು. ಅವರು ಪೂರ್ತಿ ಕೇಳಿದರು.

“ದೀಪ ಇರಲಿಲ್ಲ, ಖರೆ. ಆ ಕಬ್ಬಿನ ಮ್ಯಾಲೆ ಯಾರ್ ಕುಂತಿದ್ರು, ನೋಡಿದ್ರೇನು?”

“ಯಾರೂ ಇರಲಿಲ್ಲ.”

“ಒಬ್ಬ ಹೆಣಮಗಳು ಕುಂತಿದ್ಲು. ತೊಡಿ ಮ್ಯಾಲೆ ಕೂಸಿತ್ತು. ನಮ್ಮ ಗಾಡಿ ದೀಪದಾಗ ಸ್ವಚ್ಛ ಕಾಣತಿತ್ತು.”

ನಮಗೆ ಮಾತು ಹೊರಡಲಿಲ್ಲ. ಪರವಾನಗಿ ಬೇಡುವವರು ತುಂಬಿಕೊಡುವ ಕಾಗದದಲ್ಲಿ, ಹಗಲ ಬೆಳಕಿನಲ್ಲಿ 25 ಮೀಟರು ದೂರದ ಮೋಟಾರಿನ ನಂಬರನ್ನು ಗುರುತಿಸಬಲ್ಲಿರಾ ಎಂಬ ಪ್ರಶ್ನೆಯುಂಟು. ನಾಲ್ವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ತರಬೇಕು. ನಮ್ಮ ಪರವಾನಗಿಯ ಅವಧಿ ಮುಗಿಯಲು ಇನ್ನೂ ಎರಡು ವರುಷವಿದ್ದುದರಿಂದ ಯಾರೂ ನಮ್ಮನ್ನು ಕೇಳಿರಲಿಲ್ಲ. ಆದರೆ ಶ್ರಾವಣದಲ್ಲಿ ಹೊಸ ಕನ್ನಡಕಕ್ಕೆಂದು ಹೋದಾಗ ಕಣ್ಣಿನ ಡಾಕ್ಟರರು ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿರುವುದನ್ನು ಕಂಡು, ಅದನ್ನು ತೆಗೆಸಬೇಕೆಂದೂ ಅಲ್ಲಿಯವರೆಗೆ ರಾತ್ರಿ ಗಾಡಿ ನಡೆಸಕೂಡದೆಂದೂ ಸ್ಪಷ್ಟವಾಗಿ ಹೇಳಿದ್ದರು. ಅವರು ಬರೆದುಕೊಟ್ಟ ಚೀಟಿಯು ಮನೆಯಲ್ಲಿ ಹಳೆಯ ಪಂಚಾಂಗದೊಳಗೆ ಇದ್ದಿತು. ಈ ಸಂಗತಿಯನ್ನು ನಂದಗಡದ ರಸ್ತೆಯ ಬದಿಯಲ್ಲಿ, ಕತ್ತಲಲ್ಲಿ, ನಾಲ್ಕು ತಿಂಗಳು ತಡವಾಗಿ ಹೇಳಿದೆವು. ಭಯವೇ ಕಾರಣವೆಂದು ಹೇಳಬಹುದಾಗಿತ್ತು. ನಿಜವೆಂದರೆ ಶಸ್ತ್ರಕ್ರಿಯೆಯ ಭಯ ಅರ್ಧ; ಗಾಡಿಯ ಕೀಲಿಕೈ ಕೈಬಿಟ್ಟು ಹೋಗುವುದೆಂಬ ಭಯ ಇನ್ನರ್ಧ.

“ಇಳೀರಿ” ಎಂದರು ನಮ್ಮ ಮನೆಯವರು.

ಬೆಳಗಾವಿಯವರೆಗೆ ಅವರೇ ನಡೆಸಿದರು. ಮೂವತ್ತರ ವೇಗವನ್ನು ಮೀರಲಿಲ್ಲ. ಹಿಂದಿನವರೆಲ್ಲ ಕೂಗಿ ಕೂಗಿ ದಾಟಿಹೋದರು. ತಿಳಕವಾಡಿಯ ರೈಲ್ವೆ ಗೇಟಿನಲ್ಲಿ ಗಾಡಿಯ ಇಂಜಿನು ಎರಡು ಸಲ ಆರಿತು. ನಾವು ಸೂಚನೆ ಕೊಡಲು ಬಾಯಿ ತೆರೆದು, ಮತ್ತೆ ಮುಚ್ಚಿದೆವು.

ಮೂರನೆಯ ದಿನ ನೇರವಾಗಿ ಮನೆಗೆ ಹೋಗೋಣವೆಂದು ನಾವೆಂದರೆ, ಮಲಪ್ರಭೆಯ ಮೂಲವನ್ನು ನೋಡದೆ ಹೋಗುವುದಿಲ್ಲವೆಂದು ಅವರು ಹಟ ಹಿಡಿದರು. ಪಿರನವಾಡಿಯಿಂದ ಒಡೆದು ಜಾಂಬೋಟಿಗೆ ಹೋಗುವ ರಸ್ತೆ ಅದು; ಮುಂದೆ ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಸೇರುತ್ತದೆ. ಜಾಂಬೋಟಿಯ ಆಚೆಗೆ ಕಾಡು ರಸ್ತೆಯ ಅಂಚಿನವರೆಗೂ ಬರುತ್ತದೆ. 2011ರಲ್ಲಿ ವನ್ಯಧಾಮವಾದ ಭೀಮಗಡದ ಅರಣ್ಯವು ಈ ತಾಲ್ಲೂಕಿನದೇ. ಅಲ್ಲಿಯ ಬಾರಾಪೇಡೆಯ ಗುಹೆಗಳಲ್ಲಿ ಬಹು ಅಪರೂಪದ ಬಾವಲಿಗಳಿವೆ. ಇಷ್ಟು ವರುಷ ಗಾಡಿ ನಡೆಸುತ್ತ ರಸ್ತೆಯನ್ನಷ್ಟೇ ನೋಡಿದ ನಾವು ಅಂದು ಕಿಟಕಿಯಿಂದ ಮರಗಳನ್ನು ನೋಡಿದೆವು. ಹಗಲಾದುದರಿಂದ ತಕ್ಕಮಟ್ಟಿಗೆ ಕಂಡವು. ಒಂದು ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದಿತು. ಅವರು ಕೂಗು ಹಾಕದೆ, ಗಾಡಿಯನ್ನು ಆರಿಸಿ, ಎಮ್ಮೆಗಳು ದಾಟುವವರೆಗೆ ಪೇರಲಹಣ್ಣು ತಿಂದರು.

ಕಣಕುಂಬಿ ಜಾಂಬೋಟಿಯಿಂದ ಸುಮಾರು 16 ಕಿಲೋಮೀಟರು. ಸಮುದ್ರಮಟ್ಟದಿಂದ 792 ಮೀಟರು ಎತ್ತರದಲ್ಲಿ, ಮಾವುಲಿ ದೇವಿಯ ಗುಡಿಯಿರುವ ಈ ಊರಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಇಲ್ಲಿಂದ ಹೊರಟು ಖಾನಾಪುರವನ್ನು ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟಿಗೆ ನಿಂತು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಷ್ಟರಲ್ಲಿ ಸುಮಾರು 304 ಕಿಲೋಮೀಟರು ನಡೆದಿರುತ್ತಾಳೆ. ಇಲ್ಲಿಯೇ ಪಕ್ಕದ ಕಳಸಾ ಹಳ್ಳವು ಪಶ್ಚಿಮಕ್ಕೆ ಹರಿದು ಮಹಾದಾಯಿಗೆ ಸೇರುವುದು. ಅದರ ನೀರನ್ನು ಮಲಪ್ರಭೆಗೆ ತಿರುಗಿಸುವ ವಿಷಯದಲ್ಲಿ ಕರ್ನಾಟಕ ಗೋವೆಗಳ ವ್ಯಾಜ್ಯ ಬೆಳೆದು, 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ತೀರ್ಪಿತ್ತಿತು. ಧಾರವಾಡದ ನಮ್ಮ ಮನೆಯ ನಳದಲ್ಲಿ ಬರುವುದು ನವಿಲುತೀರ್ಥದ ನೀರೇ. ಇಷ್ಟು ವರುಷ ಕುಡಿದ ನೀರಿನ ತವರನ್ನು ನೋಡಿದಂತಾಯಿತೆಂದು ನಮ್ಮ ಮನೆಯವರು ಕೈಕಾಲು ತೊಳೆದು, ಮಾವುಲಿಗೆ ಕಾಯಿ ಒಡೆಸಿದರು. ಹರಕೆ ಏನೆಂದು ನಾವು ಕೇಳಲಿಲ್ಲ.

ಧಾರವಾಡವನ್ನು ಮುಟ್ಟಿದುದು ಹೊತ್ತು ಮುಳುಗುವ ಮೊದಲು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಅವರು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಪಂಚಾಂಗವನ್ನು ಹುಡುಕಿ ತೆಗೆದುದು. ಗಾಡಿಯ ಕೀಲಿಕೈಯನ್ನು ತಿಜೋರಿಯ ಕೀಲಿಕೈಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಲಗಣ್ಣಿನ ಶಸ್ತ್ರಕ್ರಿಯೆ ಪುಷ್ಯದಲ್ಲಾಯಿತು. ಎಡಗಣ್ಣಿನದು ಇನ್ನೂ ಆಗಬೇಕಾಗಿದೆ.