ತೂತು ಬಿದ್ದ ಕಾಗದ

ಹಳೆಯ ವಸ್ತುಗಳನ್ನು ಕೂಡಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರ. ಅಂಚೆಚೀಟಿ, ಬೆಂಕಿಪೊಟ್ಟಣ, ಸವೆದ ನಾಣ್ಯ ಇವುಗಳಿಗಾಗಿ ದೊಡ್ಡವರು ಮಕ್ಕಳಂತೆ ಹಂಬಲಿಸುವುದನ್ನು ನೋಡಿ ಮನಸ್ಸಿನಲ್ಲಿಯೇ ನಕ್ಕದ್ದುಂಟು. ಆ ನಗೆಗೆ ಮುಂದೊಂದು ದಿನ ದಂಡ ತೆರಬೇಕಾದೀತೆಂದು ತಿಳಿದಿರಲಿಲ್ಲ.

ಕಳೆದ ಬೇಸಗೆಯಲ್ಲಿ, ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಾತಿನ ನಡುವೆ ತನ್ನ ಮೊಬೈಲನ್ನು ಮುಂದೆ ಹಿಡಿದು, "ಇದನ್ನು ನೋಡಿ ಸಾರ್" ಎಂದ. ಅದರಲ್ಲಿ ಒಂದು ಪಿಯಾನೊ. ಮುಂದಿನ ಪೀಠದಲ್ಲಿ ಯಾರೂ ಇಲ್ಲ. ಆದರೂ ಕರಿಯ ಬಿಳಿಯ ಮನೆಗಳು ತಾವಾಗಿಯೇ ತಗ್ಗಿ ಏಳುತ್ತಿದ್ದುವು. ಕುಣಿಯುವಂಥ ಒಂದು ಗತ್ತು ಕೇಳಿಬರುತ್ತಿತ್ತು. "ನುಡಿಸುತ್ತಿರುವವನು ಸತ್ತು ನೂರು ವರ್ಷದ ಮೇಲಾಯಿತು ಸಾರ್" ಎಂದು ಅವನು ನಕ್ಕ.

ಮರ್ಮವಿರುವುದು ಒಂದು ಕಾಗದದ ಸುರುಳಿಯಲ್ಲಿ. ಅದರ ಅಗಲ ಹನ್ನೊಂದೂಕಾಲು ಅಂಗುಲ. ಉದ್ದಕ್ಕೂ ಸಣ್ಣ ಸಣ್ಣ ತೂತುಗಳು. ಪಿಯಾನೊದೊಳಗೆ ಒಂದು ಹಿತ್ತಾಳೆಯ ಪಟ್ಟಿ. ಅದರಲ್ಲಿ ಮನೆಗೊಂದರಂತೆ 88 ರಂಧ್ರಗಳು. ಕಾಲಿನಿಂದ ತಿದಿಯನ್ನೊತ್ತಿದರೆ ಸುರುಳಿ ಆ ಪಟ್ಟಿಯ ಮೇಲೆ ಸರಿಯುತ್ತದೆ. ಕಾಗದದ ತೂತು ಪಟ್ಟಿಯ ರಂಧ್ರಕ್ಕೆ ಸರಿಯಾಗಿ ಬಂದ ಕ್ಷಣ ಗಾಳಿ ಒಳನುಗ್ಗುತ್ತದೆ. ಆ ಮನೆಯ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. 1908ರಲ್ಲಿ ಅಮೆರಿಕದ ತಯಾರಕರು ಬಫೆಲೊ ನಗರದಲ್ಲಿ ಸೇರಿ ಈ ಅಳತೆಗಳನ್ನು ಗೊತ್ತುಮಾಡಿದ ಮೇಲೆ ಒಬ್ಬರ ಸುರುಳಿ ಇನ್ನೊಬ್ಬರ ಪಿಯಾನೊದಲ್ಲಿ ನುಡಿಯುವಂತಾಯಿತು.

ಜರ್ಮನಿಯ ಫ್ರೈಬರ್ಗಿನ ವೆಲ್ಟೆ ಸಂಸ್ಥೆಯವರು 1904ರಲ್ಲಿಯೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಕಲಾವಿದನ ಬೆರಳಿನ ಬಿರುಸು, ಮೆಲುಪುಗಳನ್ನೂ ಸುರುಳಿಗೆ ಇಳಿಸುವ ಉಪಾಯ ಅವರದು. 1905ರ ನವೆಂಬರ್ 9ರಂದು ಗುಸ್ಟಾವ್ ಮಾಲರ್ ಲೈಪ್‌ಜಿಗ್‌ನಲ್ಲಿ ಆ ಯಂತ್ರದ ಮುಂದೆ ಕುಳಿತು ನುಡಿಸಿದ. ಆ ಮಹಾ ಸಂಗೀತಗಾರನ ವಾದನದ ಗುರುತಾಗಿ ಇಂದು ನಮಗೆ ಉಳಿದಿರುವುದು ಆ ನಾಲ್ಕು ಸುರುಳಿಗಳು ಮಾತ್ರ.

ಒಂದು ಕಾಲಕ್ಕೆ ಈ ಸುರುಳಿಗಳದೇ ರಾಜ್ಯಭಾರ. 1923ರಲ್ಲಿ ಅಮೆರಿಕದಲ್ಲಿ ತಯಾರಾದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ತಾವಾಗಿ ನುಡಿಯುವಂಥವು. ಆಮೇಲೆ ರೇಡಿಯೊ ಬಂದಿತು, ಗ್ರಾಮಫೋನು ಸುಧಾರಿಸಿತು, 1929ರಲ್ಲಿ ಮಾರುಕಟ್ಟೆ ಕುಸಿಯಿತು. ಸುರುಳಿಗಳು ಅಟ್ಟ ಸೇರಿದುವು. ಎಷ್ಟೋ ಒಲೆ ಸೇರಿದುವು. 1944ರ ನವೆಂಬರಿನ ಬಾಂಬ್ ದಾಳಿಯಲ್ಲಿ ವೆಲ್ಟೆ ಕಾರ್ಖಾನೆಯೂ ನಾಶವಾಯಿತು. ಉಳಿದದ್ದೇನಿದ್ದರೂ ಜನರ ಮನೆಗಳಲ್ಲಿ, ಹುಚ್ಚು ಹಿಡಿದ ಕೆಲವರ ಕಪಾಟುಗಳಲ್ಲಿ.

ಆ ಹುಚ್ಚರೆಲ್ಲ 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಅಮಿಕ' ಎಂಬ ಸಂಘವನ್ನೇ ಕಟ್ಟಿಕೊಂಡರು. ಅವರ ಬೇಟೆಯ ಕ್ರಮ ಸ್ವಾರಸ್ಯವಾದುದು. ಹಳೆಯ ಕಂಪನಿಗಳ ಬೆಲೆಪಟ್ಟಿಯಲ್ಲಿ ಸುರುಳಿಯ ಸಂಖ್ಯೆಯಿದೆ, ಹೆಸರಿದೆ. ಸುರುಳಿ ಮಾತ್ರ ಎಲ್ಲಿಯೂ ಇಲ್ಲ. ಆ ಸಂಖ್ಯೆಯನ್ನು ಜೇಬಿನಲ್ಲಿಟ್ಟುಕೊಂಡು ಅವರು ಹರಾಜಿನಿಂದ ಹರಾಜಿಗೆ ಅಲೆಯುತ್ತಾರೆ. ಪೆಟ್ಟಿಗೆಯ ಮೇಲೊಂದು ಹೆಸರು, ಒಳಗಿನ ಸುರುಳಿ ಬೇರೊಂದು; ಆದುದರಿಂದ ಯಾವುದನ್ನೂ ಬಿಚ್ಚಿ ನೋಡದೆ ಬಿಡುವಂತಿಲ್ಲ. ಸಿಕ್ಕಿದರೂ ಸಂಕಟವೇ. ಕಾಗದ ಹಪ್ಪಳದಂತಾಗಿರುತ್ತದೆ, ನುಡಿಸಿದಷ್ಟು ಸಲವೂ ಅಂಚು ಹರಿಯುತ್ತದೆ, ನುಡಿಸದಿದ್ದರೆ ಅದು ಬರಿಯ ತೂತು ಬಿದ್ದ ಕಾಗದ. ಇದಕ್ಕೆ ಅವರು ಕಂಡುಕೊಂಡ ದಾರಿ, ಹೊಸ ಕಾಗದದಲ್ಲಿ ಅವೇ ತೂತುಗಳನ್ನು ಕೊರೆದು ಪ್ರತಿಗಳನ್ನು ಹಂಚಿಬಿಡುವುದು. ಈಗಂತೂ ಸುರುಳಿಯ ಉದ್ದಕ್ಕೂ ಚಿತ್ರ ತೆಗೆದು ಗಣಕಯಂತ್ರದಲ್ಲಿಯೇ ನುಡಿಸುತ್ತಾರೆ. ಸಿಡ್ನಿಯ ಡೆನಿಸ್ ಕಾಂಡನ್ ಎಂಬ ಸಂಗ್ರಾಹಕನ 7,500ಕ್ಕೂ ಮೇಲ್ಪಟ್ಟ ಸುರುಳಿಗಳು 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿ ಈ ಕೆಲಸ ನಡೆಯುತ್ತಿದೆ.

ಮೊಬೈಲಿನಲ್ಲಿ ನಾನು ಕೇಳಿದ್ದು ಸ್ಕಾಟ್ ಜಾಪ್ಲಿನ್ ಎಂಬ ನೀಗ್ರೊ ಸಂಗೀತಗಾರನ ವಾದನ. ಅವನ ಧ್ವನಿಮುದ್ರಿಕೆ ಒಂದೂ ಇಲ್ಲ. ಕಾಯಿಲೆಯಿಂದ ಕೈ ಸೋತಿದ್ದ 1916ರಲ್ಲಿ ಕೆಲವು ಸುರುಳಿಗಳಿಗೆ ನುಡಿಸಿ, 1917ರ ಏಪ್ರಿಲ್ 1ರಂದು ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದ. 1903ರಲ್ಲಿ ಅವನು ರಚಿಸಿದ 'ಎ ಗೆಸ್ಟ್ ಆಫ್ ಆನರ್' ಎಂಬ ಸಂಗೀತ ನಾಟಕದ ಒಂದು ಹಾಳೆಯೂ ಇದುವರೆಗೆ ದೊರೆತಿಲ್ಲ. ಇಂಥ ಸುದ್ದಿ ಕನ್ನಡ ಮೇಷ್ಟರಿಗೆ ಹೊಸದಲ್ಲ. ರನ್ನನ 'ಪರಶುರಾಮಚರಿತ'ದ ಹೆಸರನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ; ಗ್ರಂಥವನ್ನು ಕಂಡವರಿಲ್ಲ. ಆದರೆ ಜಾಪ್ಲಿನ್ನನದೇ 'ಸಿಲ್ವರ್ ಸ್ವಾನ್ ರಾಗ್' ಎಂಬ ಇನ್ನೊಂದು ಕೃತಿಯ ಭಾಗ್ಯ ಬೇರೆ. ಅವನು ಬದುಕಿರುವಾಗ ಅದು ಅಚ್ಚಾಗಲೇ ಇಲ್ಲ. 1914ರಲ್ಲಿ ಹೊರಬಂದ ಸುರುಳಿಯಾಗಿ ಮಾತ್ರ ಉಳಿದು, ಎಲ್ಲರೂ ಮರೆತ ಮೇಲೆ 1970ರಲ್ಲಿ ಸಂಗ್ರಾಹಕರ ಕಣ್ಣಿಗೆ ಬಿದ್ದಿತು. ತೂತುಗಳನ್ನು ಓದಿ ಸ್ವರಗಳನ್ನು ಬರೆದು, ಮರುವರ್ಷ ಅಚ್ಚು ಹಾಕಿಸಿದರು.

"ಯಾರೋ ಒಬ್ಬರು ಅದನ್ನು ಎಸೆಯದೆ ಇಟ್ಟಿದ್ದರು ಸಾರ್, ಇನ್ನೊಬ್ಬರು ಬಚ್ಚಿಡದೆ ಕೊಟ್ಟರು" ಎಂದ ಹುಡುಗ. ಅವನು ಸಹಜವಾಗಿ ಆಡಿದ ಮಾತು. ನನಗೆ ಮಾತ್ರ ಚುರುಕ್ಕೆಂದಿತು.

ನಮ್ಮ ಊರ ಮನೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟಿತ್ತು. ನವರಾತ್ರಿಯಲ್ಲಿ ಅದಕ್ಕೆ ಪೂಜೆ. ಬಿಚ್ಚಿದವರು ಯಾರೂ ಇಲ್ಲ. ನನಗೆ ಹತ್ತು ವರ್ಷವಿರುವಾಗ, ಹಸ್ತಪ್ರತಿಗಳನ್ನರಸುತ್ತ ವಿದ್ವಾಂಸರೊಬ್ಬರು ಬಿಸಿಲಲ್ಲಿ ನಡೆದು ಬಂದರು. "ಒಂದು ಸಲ ನೋಡಿ ಇಲ್ಲೇ ಕೊಟ್ಟುಬಿಡುತ್ತೇನೆ, ಯಜಮಾನರೇ" ಎಂದು ಬೇಡಿಕೊಂಡರು. "ಅದು ಪೂಜೆಯ ವಸ್ತು, ಸ್ವಾಮೀ" ಎಂದು ನಮ್ಮ ತಾತ ಮಜ್ಜಿಗೆ ಕೊಟ್ಟು ಕಳುಹಿಸಿದರು. ತಾತ ಹೋದ ಮೇಲೆ, ಎಂ.ಎ. ಮುಗಿಸಿದ ಉತ್ಸಾಹದಲ್ಲಿ ನಾನೇ ಕಟ್ಟನ್ನು ಬಿಚ್ಚಿದೆ. ವಸ್ತ್ರದೊಳಗಿದ್ದದ್ದು ಬಹುಮಟ್ಟಿಗೆ ಗೆದ್ದಲ ಮಣ್ಣು. ಹನ್ನೊಂದು ಗರಿಗಳು ಉಳಿದಿದ್ದುವು. ಷಟ್ಪದಿಯಲ್ಲಿ ಯಾವುದೋ ಕಥೆ. ಕವಿಯ ಹೆಸರಿಲ್ಲ, ಕೃತಿಯ ಹೆಸರಿಲ್ಲ. ನಾನು ತಿರುವಿದ ಅಚ್ಚಿನ ಪುಸ್ತಕಗಳಲ್ಲಿ ಆ ಪದ್ಯಗಳಿಲ್ಲ.

ತಾತನನ್ನು ದೂರುವುದು ಸುಲಭ. ಆ ಹನ್ನೊಂದು ಗರಿಗಳನ್ನು ನಾನು ಎಂಟು ವರ್ಷ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅವುಗಳ ಮೇಲೊಂದು ಲೇಖನ ಬರೆಯಬೇಕು. ಅದಕ್ಕೆ ಮೊದಲು ಇನ್ನೊಬ್ಬರು ನೋಡಬಾರದು. ಲೇಖನ ಬರೆಯಲಿಲ್ಲ. ತಾತನಿಗಾದರೂ ಭಕ್ತಿಯ ನೆಪವಿತ್ತು.

ವಿದ್ಯಾರ್ಥಿ ಹೊರಟುಹೋದ ಮರುವಾರ ಗರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಸ್ತಪ್ರತಿ ಭಂಡಾರಕ್ಕೆ ಹೋದೆ. ಅಲ್ಲಿದ್ದ ತರುಣ ಒಂದೊಂದನ್ನೇ ಮೆತ್ತಗೆ ಒರೆಸಿ ಕ್ಯಾಮೆರಾದ ಕೆಳಗೆ ಹರಡಿದ. ಮೂರನೆಯ ಗರಿಯ ಮೇಲೆ ಬಹಳ ಹೊತ್ತು ಬಾಗಿದ್ದು, ತಲೆಯೆತ್ತಿ ಕೇಳಿದ:

"ಇಷ್ಟು ದಿನ ಇವು ಎಲ್ಲಿದ್ದುವು ಸಾರ್?"

"ಮನೆಯಲ್ಲಿ" ಎಂದೆ.